ಕಾಪಿರೈಟ್, ಝಡ್, ಎ ಗ್ರೇವ್, ಜೆ: ಬೀದರಿನ ಬಿದರಿ ಅಂಗಡಿಯೊಂದರ ಜಾಲತಾಣ ರಿಪೇರಿ

ಬೀದರಿನ ಚೌಬಾರಾ ಹತ್ತಿರದ ಒಂದು ಬಿದರಿ (ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಕುಸುರಿ ಕೆಲಸ) ಅಂಗಡಿಗೆ ನಾಲ್ಕು ವರ್ಷಗಳ ಹಿಂದೆ ಜಾಲತಾಣ ಕಟ್ಟಿಕೊಟ್ಟವನು ನಾನು. ಕಪ್ಪು ಲೋಹ, ಬೆಳ್ಳಿಯ ಗೆರೆ, ದೊಡ್ಡ ದೊಡ್ಡ ಛಾಯಾಚಿತ್ರ. ನೋಡಿದವರೆಲ್ಲ ಮೆಚ್ಚಿದ್ದರು. ಜೂನ್ 27ರಂದು ಅಂಗಡಿಗೆ ಭಾಲ್ಕಿಯಿಂದ ಒಂದು ಫೋನ್ ಬಂತು. ಕರೆ ಮಾಡಿದವರು ಬ್ಯಾಂಕಿನಲ್ಲಿ ಕೆಲಸ ಮಾಡುವವರು, ಹುಟ್ಟಿನಿಂದಲೇ ಕಣ್ಣು ಕಾಣದವರು. ನಿವೃತ್ತರಾಗುತ್ತಿರುವ ಸಹೋದ್ಯೋಗಿಗೆ ಹೂದಾನಿಯೊಂದನ್ನು ಕೊಡಬೇಕೆಂದು ಎರಡು ರಾತ್ರಿ ನಮ್ಮ ತಾಣದಲ್ಲಿ ಹುಡುಕಿ ಸೋತಿದ್ದರು. "ನಿಮ್ಮ ಅಂಗಡಿಯ ಬಾಗಿಲೇ ನನಗೆ ಸಿಗಲಿಲ್ಲ" ಎಂದರಂತೆ. ಮಾಲೀಕರು ಆ ಮಾತನ್ನು ಇದ್ದ ಹಾಗೆ ನನಗೆ ದಾಟಿಸಿದರು. ಮುಂದಿನ ಏಳು ವಾರ ಏನು ಮಾಡಿದೆ, ಎಲ್ಲಿ ತಪ್ಪಿದೆ ಎನ್ನುವುದನ್ನು ಇಲ್ಲಿ ಬರೆದಿಟ್ಟಿದ್ದೇನೆ. ಕನ್ನಡದಲ್ಲಿ ತಾಣ ಕಟ್ಟುವ ಬೇರೆಯವರಿಗೆ, ಅದರಲ್ಲೂ ಹಳೆಯ 'ನುಡಿ' ತಂತ್ರಾಂಶದ ಅಕ್ಷರಗಳ ಪುಟ ಇನ್ನೂ ಇಟ್ಟುಕೊಂಡಿರುವವರಿಗೆ, ಇದು ನೆರವಾಗಬೇಕೆಂಬುದು ನನ್ನ ಆಸೆ.

ಸಾಧನಗಳು: ವಿಂಡೋಸ್ ಇರುವ ನನ್ನ ಹಳೆಯ ಲ್ಯಾಪ್‌ಟಾಪ್, ಅದರಲ್ಲಿ ಉಚಿತವಾಗಿ ಸಿಗುವ ಎನ್‌ವಿಡಿಎ ಎಂಬ ಪರದೆ ಓದುವ ತಂತ್ರಾಂಶ, ಆಂಡ್ರಾಯ್ಡ್ ಮೊಬೈಲಿನಲ್ಲೇ ಬರುವ ಅಂಥದ್ದೇ ಟಾಕ್‌ಬ್ಯಾಕ್, ತಾಣದ ದೋಷ ಹುಡುಕಿ ಅಂಕ ಕೊಡುವ ಕ್ರೋಮ್ ಬ್ರೌಸರಿನ ಲೈಟ್‌ಹೌಸ್, ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬಣ್ಣದ ಅಂತರ ಅಳೆಯುವ ಒಂದು ಉಚಿತ ಪುಟ, 650 ರೂಪಾಯಿಯ ಹೆಡ್‌ಫೋನ್. ಅಳತೆಗೋಲಾಗಿ ಇಟ್ಟುಕೊಂಡದ್ದು 2023ರ ಅಕ್ಟೋಬರಿನಲ್ಲಿ ಹೊರಬಂದ ಡಬ್ಲ್ಯುಸಿಎಜಿ 2.2 (ತಾಣಗಳು ಅಂಗವಿಕಲರಿಗೂ ಬಳಸಲು ಬರುವಂತೆ ಕಟ್ಟುವ ಅಂತರರಾಷ್ಟ್ರೀಯ ನಿಯಮಾವಳಿ), ಅದರ ಮೂರು ಮಟ್ಟಗಳಲ್ಲಿ ನಡುವಿನದಾದ ಎಎ.

ಜುಲೈ 1: ಮೊದಲು ಕೇಳಿದ್ದು

ಲ್ಯಾಪ್‌ಟಾಪಿನ ಪರದೆಗೆ ಟವೆಲ್ ಹೊದಿಸಿದೆ. ಮೌಸ್ ತೆಗೆದಿಟ್ಟೆ. ಎನ್‌ವಿಡಿಎ ಚಾಲೂ ಮಾಡಿ ಮುಖಪುಟದಿಂದ ಒಂದು ಹೂದಾನಿಯನ್ನು ಬುಟ್ಟಿಗೆ ಹಾಕುವವರೆಗೆ ಹೋಗುವುದು ಗುರಿ. ಐವತ್ತು ನಿಮಿಷವಾದರೂ ಬುಟ್ಟಿ ಸಿಗಲಿಲ್ಲ.

ಕಿವಿಗೆ ಬಿದ್ದದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋದೆ. ಚಿತ್ರಗಳ ಜಾಗದಲ್ಲಿ ಕ್ಯಾಮರಾ ಕೊಟ್ಟ ಕಡತದ ಸಂಖ್ಯೆಗಳು, ಒಂದೊಂದೇ ಅಂಕಿಯಾಗಿ. ವಾಟ್ಸ್‌ಆ್ಯಪ್ ಗುರುತಿನ ಜಾಗದಲ್ಲಿ ಬರೀ "ಲಿಂಕ್". ಮೇಲೆ ತಾನಾಗಿ ಸರಿಯುವ ಚಿತ್ರಗಳ ಸಾಲು ಪ್ರತಿ ಐದು ಸೆಕೆಂಡಿಗೆ ಓದನ್ನು ಕಡಿದು ಹಾಕುತ್ತಿತ್ತು. ಹಬ್ಬದ ರಿಯಾಯಿತಿಯ ಪೆಟ್ಟಿಗೆಯೊಂದು ಪರದೆಯ ಮೇಲೆ ಬಂದು ಕೂತಿದೆ ಎಂಬುದೇ ಧ್ವನಿಗೆ ಗೊತ್ತಿರಲಿಲ್ಲ. ಅದರ ಹಿಂದಿನ ಪುಟವನ್ನೇ ಓದುತ್ತಿತ್ತು. ಒಟ್ಟು 43 ದೋಷಗಳು ನನ್ನ ಪಟ್ಟಿಯಲ್ಲಿ ಬಂದವು. ಲೈಟ್‌ಹೌಸ್ ಓಡಿಸಿದಾಗ ಅದು ಹಿಡಿದದ್ದು 19. ಅಂಕ 100ಕ್ಕೆ 61.

ಆ ಸಂಜೆ ಮಾಲೀಕರು ಕೇಳಿದ್ದು ಒಂದೇ ಪ್ರಶ್ನೆ: ಇದು ಕಾನೂನಿನಲ್ಲಿ ಕಡ್ಡಾಯವೇ? 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 46ನೇ ಕಲಮು ಸರ್ಕಾರಿ, ಖಾಸಗಿ ಎರಡೂ ಬಗೆಯ ಸೇವೆ ಕೊಡುವವರನ್ನು ಸೇರಿಸಿಕೊಂಡಿದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಡಿಜಿಟಲ್ ಸೌಲಭ್ಯವನ್ನು ತಲುಪುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದಿದೆ. ಇಷ್ಟನ್ನು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಾನೂನು ಇರಲಿ, ಅವರು ಎರಡು ರಾತ್ರಿ ಹುಡುಕಿದ್ದಾರೆ. ಮಾಡಿ" ಎಂದರು.

ಜುಲೈ 2ರಿಂದ 4: ಅಡ್ಡದಾರಿ, 4,100 ರೂಪಾಯಿ ನಷ್ಟ

ಮೊದಲ ದೊಡ್ಡ ತಪ್ಪು ಇದೇ. ಒಂದು ಸಾಲಿನ ಕೋಡ್ ಅಂಟಿಸಿದರೆ ತಾಣ ಎಲ್ಲರಿಗೂ ಸುಗಮವಾಗುತ್ತದೆ ಎಂದು ಹೇಳಿಕೊಳ್ಳುವ ಮೇಲುಹೊದಿಕೆ ಸೇವೆಗಳಿವೆ. 43 ದೋಷಗಳ ಪಟ್ಟಿ ನೋಡಿ ಎದೆಗುಂದಿದ್ದ ನಾನು ಒಂದು ತಿಂಗಳ ಚಂದಾ ಕಟ್ಟಿದೆ. ಮೂಲೆಯಲ್ಲಿ ಗಾಲಿಕುರ್ಚಿಯ ಗುರುತು ಬಂತು, ಅದನ್ನು ಒತ್ತಿದರೆ ಇಂಗ್ಲಿಷಿನ ಒಂದು ಉದ್ದ ಪಟ್ಟಿ. ಕನ್ನಡ ಪಠ್ಯಕ್ಕೆ ಅದು ಏನನ್ನೂ ಮಾಡಲಿಲ್ಲ. ಚಿತ್ರಗಳಿಗೆ ತಾನೇ ಊಹಿಸಿ ಹೆಸರಿಟ್ಟಿತು: ಸುರಾಹಿಗೆ (ಉದ್ದ ಕತ್ತಿನ ಹೂಜಿ) ಇಂಗ್ಲಿಷಿನಲ್ಲಿ "ಕಪ್ಪು ಮಡಕೆ", ಹುಕ್ಕಾದ ಬುಡಕ್ಕೂ "ಕಪ್ಪು ಮಡಕೆ". ಅದರ ಕೀಲಿಗಳು ಎನ್‌ವಿಡಿಎ ಕೀಲಿಗಳ ಜೊತೆ ಗುದ್ದಾಡಿದವು. ಭಾಲ್ಕಿಯವರಿಗೆ ಕೊಂಡಿ ಕಳಿಸಿದೆ. ಹತ್ತು ನಿಮಿಷದಲ್ಲಿ ಉತ್ತರ ಬಂತು: "ಮೊದಲಿಗಿಂತ ಕಷ್ಟವಾಗಿದೆ, ದಯವಿಟ್ಟು ತೆಗೆಯಿರಿ." ತೆಗೆದೆ. ಹಣ ವಾಪಸು ಬರಲಿಲ್ಲ.

ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಫೆಡರಲ್ ಟ್ರೇಡ್ ಕಮಿಷನ್ ಇಂಥ ಸೇವೆ ಮಾರುವ ಒಂದು ಕಂಪನಿಯ ಮೇಲೆ ಸುಳ್ಳು ಭರವಸೆಗಾಗಿ 2025ರಲ್ಲಿ 10 ಲಕ್ಷ ಡಾಲರ್ ಹೊರಿಸಿದ್ದು ನನಗೆ ತಿಳಿದದ್ದು ಹಣ ಕಟ್ಟಿದ ಮೇಲೆ. ಕಟ್ಟುವ ಮೊದಲು ಒಂದು ಗಂಟೆ ಓದಬೇಕಿತ್ತು.

ಜುಲೈ 5ರಿಂದ 9: ಕಣ್ಣಿಗೆ ಕನ್ನಡ, ಕಿವಿಗೆ ಅಲ್ಲ

"ನಮ್ಮ ಬಗ್ಗೆ" ಪುಟವನ್ನು ಧ್ವನಿ ಓದತೊಡಗಿದಾಗ ಒಂದು ಶಬ್ದವೂ ಅರ್ಥವಾಗಲಿಲ್ಲ. ಬಾಣದ ಕೀಲಿ ಒತ್ತುತ್ತಾ ಅಕ್ಷರ ಅಕ್ಷರವಾಗಿ ಹೋದೆ. ಪರದೆಯ ಮೇಲೆ ಸ್ವಚ್ಛವಾಗಿ "ಬಿದರಿ" ಎಂದಿತ್ತು. ಕಿವಿಗೆ ಬಂದದ್ದು: ಕಾಪಿರೈಟ್, ಝಡ್, ಎ ಗ್ರೇವ್, ಜೆ.

ಆಗ ಗೊತ್ತಾಯಿತು. ಆ ಪುಟದ ಬರಹ ಅಂಗಡಿಯ ಹಳೆಯ ಕರಪತ್ರದಿಂದ ಬಂದದ್ದು, ಕರಪತ್ರವನ್ನು ಡಿಟಿಪಿ ಅಂಗಡಿಯಲ್ಲಿ 'ನುಡಿ' ತಂತ್ರಾಂಶದ, ಯೂನಿಕೋಡ್ (ಎಲ್ಲ ಯಂತ್ರಗಳೂ ಅಕ್ಷರ ಗುರುತಿಸುವ ಸಾಮಾನ್ಯ ಪದ್ಧತಿ) ಅಲ್ಲದ ಅಕ್ಷರಗಳಲ್ಲಿ ಮಾಡಿಸಿದ್ದು. ಆ ವ್ಯವಸ್ಥೆಯಲ್ಲಿ ಕಾಪಿರೈಟ್ ಚಿಹ್ನೆಯ ಮನೆಯಲ್ಲಿ "ಬಿ" ಕೂತಿದೆ. ಝಡ್ ಮತ್ತು ಎ ಗ್ರೇವ್ (ತಲೆಯ ಮೇಲೆ ಓರೆ ಗೆರೆ ಇರುವ ಎ) ಸೇರಿದರೆ "ದ". ಜೆ ಎಂದರೆ "ರಿ". ಫಾಂಟ್ ಇದ್ದರೆ ಕಣ್ಣಿಗೆ ಕನ್ನಡ ಕಾಣುತ್ತದೆ. ಯಂತ್ರಕ್ಕೆ ಅದು ಕನ್ನಡವೇ ಅಲ್ಲ. ನಾಲ್ಕು ವರ್ಷಗಳ ಹಿಂದೆ ಆ ಫಾಂಟನ್ನು ತಾಣಕ್ಕೆ ಜೋಡಿಸಿ, ಚೆನ್ನಾಗಿ ಕಾಣುತ್ತದೆ ಎಂದು ಬಿಟ್ಟವನು ನಾನೇ. ಗೂಗಲ್‌ನಲ್ಲಿ ಹುಡುಕಿದರೆ ಆ ಪುಟ ಯಾಕೆ ಎಂದೂ ಬರುತ್ತಿರಲಿಲ್ಲ ಎನ್ನುವುದಕ್ಕೂ ಉತ್ತರ ಸಿಕ್ಕಿತು.

ಪರಿವರ್ತಕದಲ್ಲಿ ಹಾಕಿ ಯೂನಿಕೋಡ್‌ಗೆ ತಂದೆ. ಹತ್ತು ಪುಟ, ಎರಡು ಗಂಟೆ. ಕೆಲಸ ಮುಗಿಯಿತೆಂದು ಮತ್ತೆ ಕೇಳಿದರೆ "ತಾರ್ಕಶಿ" (ಬೆಳ್ಳಿ ತಂತಿಯ ಕುಸುರಿ) ಎಂಬಲ್ಲಿ ಧ್ವನಿ "ತಾಕ ಒಂಬತ್ತು ಶಿ" ಎಂದಿತು. ಪಠ್ಯ ನೋಡಿದೆ: ತಾಕ೯ಶಿ. ಅರ್ಕಾವತ್ತಿನ ಜಾಗದಲ್ಲಿ ಕನ್ನಡದ ಅಂಕಿ ಒಂಬತ್ತು. ನೋಡಲು ಒಂದೇ ತರಹ ಇರುವುದರಿಂದ ಟೈಪ್ ಮಾಡಿದವರು ಅದನ್ನೇ ಬಳಸಿದ್ದರು. ಮುಂದೆ "ಬ೦ಗಾರ": ಅಲ್ಲಿ ಅನುಸ್ವಾರವಲ್ಲ, ಸೊನ್ನೆ. ಧ್ವನಿ ಪ್ರಾಮಾಣಿಕವಾಗಿ "ಬ ಸೊನ್ನೆ ಗಾರ" ಎಂದು ಓದಿತು.

ಇದಕ್ಕೆ ಒಂದು ಸುಲಭದ ಉಪಾಯ ಹೂಡಿ ಕೆಟ್ಟೆ. ತಾಣದಲ್ಲಿರುವ ಎಲ್ಲ ೦ಗಳನ್ನೂ ಅನುಸ್ವಾರವಾಗಿ, ಎಲ್ಲ ೯ಗಳನ್ನೂ ಅರ್ಕಾವತ್ತಾಗಿ ಒಂದೇ ಏಟಿಗೆ ಬದಲಿಸಿದೆ. ಬೆಲೆಗಳನ್ನು ಕನ್ನಡ ಅಂಕಿಯಲ್ಲೇ ಬರೆದಿದ್ದೆವು ಎಂಬುದು ಮರೆತಿತ್ತು. ೨೯೦೦ ರೂಪಾಯಿಯ ತಟ್ಟೆಗೆ ಬೆಲೆಯೇ ಇಲ್ಲದಂತಾಯಿತು. ಹಿಂದಿನ ರಾತ್ರಿಯ ಪ್ರತಿಯನ್ನು ಮರಳಿ ಹಾಕಿದೆ. ಎರಡನೆಯ ಸಲ ಎರಡು ಪಕ್ಕದಲ್ಲೂ ಅಂಕಿ ಇಲ್ಲದೆ, ಕನ್ನಡ ಅಕ್ಷರವೇ ಇರುವ ಕಡೆ ಮಾತ್ರ ಬದಲಿಸುವಂತೆ ನಿಯಮ ಬರೆದೆ, ಅರ್ಕಾವತ್ತನ್ನು ವ್ಯಂಜನದ ಹಿಂದಕ್ಕೆ ಕೈಯಾರೆ ತಂದೆ. 118 ಕಡೆ. ಬೆಲೆಗಳನ್ನು ಇಂಗ್ಲಿಷ್ ಅಂಕಿಗೆ ಬದಲಿಸಿದೆವು; ಇದು ನನಗೆ ಇಷ್ಟವಿರಲಿಲ್ಲ, ಆದರೆ ಹೈದರಾಬಾದಿನಿಂದ, ಮುಂಬಯಿಯಿಂದ ಬರುವ ಗಿರಾಕಿಗಳಿಗೂ ಅದೇ ಪುಟ.

ಇದೇ ವಾರ ಭಾಷೆಯ ಗುರುತನ್ನೂ ಸರಿಪಡಿಸಿದೆ. ಕೊಂಡುತಂದ ವಿನ್ಯಾಸದಲ್ಲಿ ಇಡೀ ತಾಣ ಅಮೆರಿಕನ್ ಇಂಗ್ಲಿಷ್ ಎಂದು ಘೋಷಣೆಯಾಗಿತ್ತು. ಹೀಗಾಗಿ ಶುದ್ಧ ಯೂನಿಕೋಡ್ ಕನ್ನಡವನ್ನೂ ಇಂಗ್ಲಿಷ್ ಧ್ವನಿಯೇ ಓದಲು ಹೋಗಿ ಎಡವುತ್ತಿತ್ತು. ಕನ್ನಡ ಪುಟಗಳಿಗೆ ಕನ್ನಡದ ಗುರುತು, ಉರ್ದು ಪುಟಗಳಿಗೆ ಉರ್ದುವಿನ ಗುರುತು ಮತ್ತು ಬಲದಿಂದ ಎಡಕ್ಕೆ ಎಂಬ ದಿಕ್ಕು, ಭಾಷೆ ಬದಲಿಸುವ ಮೂರು ಗುಂಡಿಗಳಿಗೆ ಅವವುಗಳ ಭಾಷೆಯ ಗುರುತು. ಒಟ್ಟು ಇಪ್ಪತ್ತು ನಿಮಿಷದ ಕೆಲಸ. ಎನ್‌ವಿಡಿಎ ಜೊತೆಗೆ ಬರುವ ಇಸ್ಪೀಕ್ ಧ್ವನಿಗೆ ಕನ್ನಡ ಬರುತ್ತದೆ. ಗುರುತು ಸರಿಯಿದ್ದರೆ ತಾನೇ ಕನ್ನಡಕ್ಕೆ ಹೊರಳುತ್ತದೆ. ಅದರ ಉಚ್ಚಾರ ಒರಟು. ಆದರೆ ಪ್ರತಿ ಪದವೂ ತಿಳಿಯುತ್ತದೆ.

ಜುಲೈ 10, 11: ಬೆಳ್ಳಿಯ ಬಣ್ಣ

ಬಿದರಿ ಎಂದ ಮೇಲೆ ಬೆಳ್ಳಿ ಇರಲೇಬೇಕೆಂದು ಬಿಳಿಯ ಹಿನ್ನೆಲೆಯ ಮೇಲೆ ಬೆಳ್ಳಿ ಬಣ್ಣದ ಅಕ್ಷರ ಇಟ್ಟಿದ್ದೆ. 0ರಿಂದ 255ರ ಅಳತೆಯಲ್ಲಿ ಕೆಂಪು, ಹಸಿರು, ನೀಲಿ ಮೂರೂ 192. ಅಳೆದರೆ ಅಂತರ 1.82ಕ್ಕೆ 1. ಸಾಮಾನ್ಯ ಗಾತ್ರದ ಅಕ್ಷರಕ್ಕೆ ಬೇಕಾದದ್ದು ಕನಿಷ್ಠ 4.5. ನನ್ನ ತಾಯಿಗೆ ಪೊರೆಯ ಶಸ್ತ್ರಚಿಕಿತ್ಸೆ ಆಗಬೇಕಿದೆ. ಅವರ ಕೈಗೆ ಮೊಬೈಲ್ ಕೊಟ್ಟು ಬೆಲೆ ಓದಲು ಹೇಳಿದೆ. "ಇಲ್ಲಿ ಏನಾದರೂ ಬರೆದಿದೆಯೇ?" ಎಂದು ಕೇಳಿದರು.

ಮೂರೂ 119 ಇಟ್ಟರೆ 4.48, ಒಂದು ಕೂದಲೆಳೆಯಲ್ಲಿ ಸೋಲು. 118 ಇಟ್ಟರೆ 4.54, ಪಾಸು. ಆದರೆ ಕನ್ನಡದ ಒತ್ತಕ್ಷರಗಳು ಚಿಕ್ಕವು, ಗೆರೆ ತೆಳು. ಪಾಸಾದ ಬಣ್ಣದಲ್ಲೂ ತಾಯಿ ತಡವರಿಸಿದರು. ಕೊನೆಗೆ 89ಕ್ಕೆ ಇಳಿಸಿದೆ, ಅಂತರ 7ಕ್ಕೆ 1. ಬೆಳ್ಳಿಯ ಬಣ್ಣವನ್ನು ಕೈಬಿಡಲಿಲ್ಲ, ಕಪ್ಪಿನ ಮೇಲಿರುವ ಶೀರ್ಷಿಕೆಗಳಿಗೆ ಸಾಗಿಸಿದೆ. ಅಲ್ಲಿ ಅದಕ್ಕೆ 11.5. ಬೆಳ್ಳಿ ಇರಬೇಕಾದ ಜಾಗವೂ ಕಪ್ಪಿನ ಮೇಲೆಯೇ ಅಲ್ಲವೇ.

ಪುಟವನ್ನು 200 ಪ್ರತಿಶತ ಹಿಗ್ಗಿಸಿದಾಗ ಇನ್ನೊಂದು ತೊಂದರೆ. ಗುಂಡಿಗಳ ಎತ್ತರವನ್ನು 36 ಪಿಕ್ಸೆಲ್‌ಗೆ ಕಟ್ಟಿಹಾಕಿದ್ದೆ. "ಬುಟ್ಟಿಗೆ ಹಾಕಿ" ಎಂಬುದರ ಒತ್ತು ಕೆಳಗೆ ಕತ್ತರಿಸಿ ಹೋಗಿ "ಬುಟಿಗೆ ಹಾಕಿ" ಆಯಿತು. ಇಂಗ್ಲಿಷಿಗೆಂದು ಮಾಡಿದ ವಿನ್ಯಾಸಗಳಲ್ಲಿ ಸಾಲಿನ ಕೆಳಗೆ ಒತ್ತಕ್ಷರ ಇಳಿಯಲು ಜಾಗವೇ ಇರುವುದಿಲ್ಲ. ಕಟ್ಟು ತೆಗೆದು, ಸಾಲಿನ ಎತ್ತರವನ್ನು 1.2ರಿಂದ 1.7ಕ್ಕೆ ಏರಿಸಿದೆ. ಅಳತೆ ಆರಿಸುವ ಪುಟ್ಟ ಗುಂಡಿಗಳು 16 ಪಿಕ್ಸೆಲ್ ಇದ್ದವು. ನಿಯಮ ಕೇಳುವುದು 24, ನಾನು 44 ಮಾಡಿದೆ.

ಜುಲೈ 13ರಿಂದ 15: ಕೀಲಿಮಣೆ

ಕಪಾಟು ಒಪ್ಪ ಮಾಡುವ ಕೆಲಸ ಇದ್ದ ಹಾಗೆ, ಉದ್ದ ಮತ್ತು ಬೇಸರದ್ದು. ಬೇಗ ಹೇಳಿ ಮುಗಿಸುತ್ತೇನೆ. ಟ್ಯಾಬ್ ಒತ್ತಿದರೆ ಎಲ್ಲಿದ್ದೇವೆಂದು ತೋರಿಸುವ ಗೆರೆಯನ್ನು ಚಂದ ಕಾಣುವುದಿಲ್ಲ ಎಂದು ಹಿಂದೆ ಅಳಿಸಿದ್ದೆ, 3 ಪಿಕ್ಸೆಲ್ ದಪ್ಪದಲ್ಲಿ ಮರಳಿ ತಂದೆ. ಬರೀ ಪೆಟ್ಟಿಗೆಗಳಾಗಿದ್ದ 14 ಗುಂಡಿಗಳನ್ನು ನಿಜವಾದ ಗುಂಡಿಗಳಾಗಿ ಬರೆದೆ. ಸರಿಯುವ ಚಿತ್ರಗಳ ಸಾಲನ್ನು ಕಿತ್ತು ಒಂದೇ ನಿಂತ ಚಿತ್ರ ಇಟ್ಟೆ. ರಿಯಾಯಿತಿಯ ಪೆಟ್ಟಿಗೆಯನ್ನು ತೆಗೆದುಹಾಕಿ ಆ ಸಾಲನ್ನು ಪುಟದಲ್ಲೇ ಬರೆದೆ.

ಇಲ್ಲೊಂದು ಅತಿ ಉತ್ಸಾಹದ ತಪ್ಪಾಯಿತು. ಎಲ್ಲ ಗುಂಡಿಗಳಿಗೂ ಕಾಣದ ಹೆಸರನ್ನು ಹಚ್ಚಿದೆ, ಅದೂ ಎಲ್ಲಿಂದಲೋ ನಕಲು ಮಾಡಿದ ಇಂಗ್ಲಿಷಿನಲ್ಲಿ. ಕಣ್ಣಿಗೆ "ಬುಟ್ಟಿಗೆ ಹಾಕಿ", ಕಿವಿಗೆ ಕನ್ನಡ ಧ್ವನಿಯಲ್ಲಿ ನುಲಿದ ಇಂಗ್ಲಿಷ್. ಗುಂಡಿಯ ಮೇಲೆ ಬರಹ ಇದ್ದರೆ ಬೇರೆ ಹೆಸರು ಬೇಕಿಲ್ಲ. ಎಲ್ಲವನ್ನೂ ಅಳಿಸಿ, ಬರಹವಿಲ್ಲದ ಆರು ಗುರುತುಗಳಿಗೆ ಮಾತ್ರ ಕನ್ನಡದಲ್ಲಿ ಹೆಸರಿಟ್ಟೆ.

ಜುಲೈ 16: 100ಕ್ಕೆ 100. ಜುಲೈ 18: ಸೊನ್ನೆ

86 ಚಿತ್ರಗಳಿಗೆ ಪರ್ಯಾಯ ಪಠ್ಯ, ಅಂದರೆ ಚಿತ್ರದ ಬದಲು ಧ್ವನಿ ಓದುವ ಸಾಲು, ಬರೆಯುವುದು ಉಳಿದಿತ್ತು. ಒಂದೇ ಸಂಜೆಯಲ್ಲಿ ಮುಗಿಸಿದೆ: "ಬಿದರಿ ಹೂದಾನಿ", "ಬಿದರಿ ತಟ್ಟೆ", "ಬಿದರಿ ಡಬ್ಬಿ". ಲೈಟ್‌ಹೌಸ್ 100ಕ್ಕೆ 100 ಕೊಟ್ಟಿತು. ಆ ಹಸಿರು ವೃತ್ತವನ್ನು ಮಾಲೀಕರಿಗೆ ಕಳಿಸಿ, ಕೆಲಸ ಮುಗಿಯಿತು ಎಂದೂ ಬರೆದುಬಿಟ್ಟೆ.

18ರಂದು ಬಸ್ ಹತ್ತಿ ಭಾಲ್ಕಿಗೆ ಹೋದೆ. ಪರೀಕ್ಷಿಸಿ ಕೊಡುವ ಕೆಲಸಕ್ಕೆ ದಿನಕ್ಕೆ 1,500 ರೂಪಾಯಿ ಎಂದು ಮೊದಲೇ ಮಾತಾಗಿತ್ತು. ಅವರು ಬೇಡವೆಂದರೂ ಮಾಲೀಕರು ಒಪ್ಪಲಿಲ್ಲ. ಭಾಲ್ಕಿಯವರು ಮೊಬೈಲ್ ಹಿಡಿದು ಟಾಕ್‌ಬ್ಯಾಕ್ ಅನ್ನು ನನ್ನ ಕಿವಿಗೆ ನಿಲುಕದ ವೇಗದಲ್ಲಿ ಓಡಿಸುತ್ತಾ ಹೂದಾನಿಗಳ ಪುಟಕ್ಕೆ ಎರಡು ನಿಮಿಷದಲ್ಲಿ ತಲುಪಿದರು. ನನಗೆ ಸಂತೋಷವಾಯಿತು. ಆಮೇಲೆ ಅವರು ನಿಂತರು.

"ಎಂಟು ಸಲ ಬಿದರಿ ಹೂದಾನಿ ಎಂದಿತು. ಒಂದಕ್ಕೆ 2,400, ಇನ್ನೊಂದಕ್ಕೆ 11,000. ಯಾಕೆ?"

ಉತ್ತರ ಕೊಡಲು ಹೋದೆ. ಒಂದರಲ್ಲಿ ಕುಸುರಿ ಹೆಚ್ಚು ಎಂದೆ. ಎಂಥ ಕುಸುರಿ ಎಂದರು. ಬಳ್ಳಿ ಎಂದೆ. ಎಂಥ ಬಳ್ಳಿ, ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ ಎಂದರು. ನಾನು ನಾಲ್ಕು ವರ್ಷ ಆ ಚಿತ್ರಗಳನ್ನು ಕತ್ತರಿಸಿದ್ದೇನೆ, ಬೆಳಕು ತಿದ್ದಿದ್ದೇನೆ. ಬಳ್ಳಿ ಎಲ್ಲಿಂದ ಹೊರಡುತ್ತದೆಂದು ನೋಡಿರಲಿಲ್ಲ. ಬೀದರಿಗೆ ವಾಪಸು ಬರುವಾಗ ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ಆ ಎಂಟೂ ಹೂದಾನಿಗಳನ್ನು ಮೊದಲ ಬಾರಿಗೆ ನೋಡಿದೆ.

ಜುಲೈ 21: ಬೆರಳಿಗೆ ಸಿಗದ ಬೆಳ್ಳಿ

ಭಾನುವಾರದ ರಜೆ ಬಿಟ್ಟು ಮರುದಿನ ಭಾಲ್ಕಿಯವರು ತಾವೇ ಬೀದರಿಗೆ ಬಂದರು. ವಸ್ತುವನ್ನು ಕೈಯಲ್ಲಿ ಹಿಡಿದರೆ ವಿವರಣೆಯ ಅಗತ್ಯವೇ ಇರದು ಎಂದು ನಾನು ತಿಳಿದಿದ್ದೆ. ಮಾಲೀಕರು ತಾರ್ಕಶಿ ಕೆಲಸದ ಹೂದಾನಿಯೊಂದನ್ನು ಅವರ ಕೈಗೆ ಕೊಟ್ಟರು. ಅವರು ಕತ್ತು, ಹೊಟ್ಟೆ, ಬುಡ ಎಲ್ಲವನ್ನೂ ಸವರಿದರು. ಹೆಬ್ಬೆರಳಿನಿಂದ ಹೊಟ್ಟೆಯ ಸುತ್ತ ಎರಡು ಸಲ ಸುತ್ತಿಬಂದರು. "ಬೆಳ್ಳಿ ಎಲ್ಲಿದೆ?" ಎಂದು ಕೇಳಿದರು.

ಒಳ್ಳೆಯ ಬಿದರಿ ಕೆಲಸದ ಗುಣವೇ ಅದು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ, ಮೈಲುತುತ್ತ ಬಳಿದು ಕಪ್ಪಾಗಿಸಿ ಅದರ ಮೇಲೆ ಚಿತ್ರ ಗೀರುತ್ತಾರೆ, ಉಳಿಯಿಂದ ಕೊರೆಯುತ್ತಾರೆ, ಕೊರೆದ ಗೀರಿಗೆ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುತ್ತಾರೆ, ಆಮೇಲೆ ಉಜ್ಜಿ ಉಜ್ಜಿ ಲೋಹ ಮತ್ತು ಬೆಳ್ಳಿ ಒಂದೇ ಮಟ್ಟಕ್ಕೆ ಬರುವಂತೆ ಮಾಡುತ್ತಾರೆ. ಕೆಲಸ ಎಷ್ಟು ನಯವೋ ಬೆರಳಿಗೆ ಅಷ್ಟು ಕಡಿಮೆ ಸಿಗುತ್ತದೆ. 11,000 ರೂಪಾಯಿಯ ಹೂದಾನಿ ಅವರ ಕೈಗೆ ಬರೀ ನುಣುಪಾದ ಲೋಹ.

ಒಳಗಿನ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದ ಹಿರಿಯ ಕುಶಲಕರ್ಮಿ ಇದನ್ನು ಕೇಳಿಸಿಕೊಂಡು ಹೊರಗೆ ಬಂದರು. ಕೊರೆದು ಮುಗಿದು ಇನ್ನೂ ಬೆಳ್ಳಿ ತುಂಬದ ಒಂದು ತಟ್ಟೆ ಅವರ ಕೈಯಲ್ಲಿತ್ತು. ಅತಿಥಿಯ ತೋರುಬೆರಳು ಹಿಡಿದು ಕೊರೆದ ಗೀರಿನಲ್ಲಿ ಇಟ್ಟು ನಿಧಾನವಾಗಿ ನಡೆಸಿದರು. ದಖನಿ ಉರ್ದುವಿನಲ್ಲಿ ಹೇಳುತ್ತಾ ಹೋದರು: ಇಲ್ಲಿಂದ ಬಳ್ಳಿ ಹೊರಟಿತು, ಇಲ್ಲಿ ಎಲೆ, ಇಲ್ಲಿ ತಿರುಗಿತು, ಇದು ಅಶ್ರಫಿ ಬೂಟಿ, ನಾಣ್ಯದಂಥ ಹೂವು. ಹತ್ತು ನಿಮಿಷ ಅಂಗಡಿಯಲ್ಲಿ ಯಾರೂ ಮಾತಾಡಲಿಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಆ ದಿನ ಬರೆದದ್ದು ಒಂದೇ ಸಾಲು: ವಿವರಣೆ ಬರೆಯಬೇಕಾದವನು ನಾನಲ್ಲ, ಇವರು.

ಜುಲೈ 22ರಿಂದ 30: 86 ಚಿತ್ರ, ಒಂಬತ್ತು ಮಧ್ಯಾಹ್ನ

ಊಟದ ನಂತರ ದಿನಕ್ಕೆ ಎರಡು ಗಂಟೆ ಕುಶಲಕರ್ಮಿಯ ಪಕ್ಕ ಕೂತೆ. ಅವರ ಕೂಲಿ ಮುರಿಯಬಾರದೆಂದು ಮಾಲೀಕರು ದಿನಕ್ಕೆ 400 ರೂಪಾಯಿ ಹೆಚ್ಚಿಗೆ ಕೊಟ್ಟರು. ಅವರು ಹೇಳುವುದು, ನಾನು ಕನ್ನಡದಲ್ಲಿ ಬರೆಯುವುದು, ಓದಿ ಹೇಳುವುದು, ಅವರು ತಿದ್ದುವುದು.

ಮೊದಲ ದಿನದ ಬರಹ ಕೆಟ್ಟದಾಗಿತ್ತು. "ಮನಮೋಹಕ", "ನಯನ ಮನೋಹರ" ಎಂಬ ಪದಗಳನ್ನು ಬರೆದಿದ್ದೆ. ಭಾಲ್ಕಿಗೆ ಕಳಿಸಿದಾಗ ಬಂದ ಉತ್ತರ: "ಚಂದವೋ ಅಲ್ಲವೋ ನಾನು ತೀರ್ಮಾನಿಸುತ್ತೇನೆ. ನೀವು ಏನಿದೆ ಎಂದು ಹೇಳಿ." ಎರಡನೆಯ ದಿನದಿಂದ ಆ ಬಗೆಯ ಪದಗಳನ್ನು ಬಿಟ್ಟೆ. ಇನ್ನೊಂದು ದೂರೂ ಬಂತು: ಪರ್ಯಾಯ ಪಠ್ಯದಲ್ಲಿ ಐದು ಸಾಲು ತುಂಬಿದರೆ ನಡುವೆ ನಿಲ್ಲಿಸಿ ಹಿಂದಕ್ಕೆ ಹೋಗಿ ಕೇಳುವುದು ಕಷ್ಟ. ಹಾಗಾಗಿ ಎರಡು ಭಾಗ ಮಾಡಿದೆ. ಚಿತ್ರಕ್ಕೆ ಒಂದೇ ಸಾಲು. ಉಳಿದದ್ದು ಚಿತ್ರದ ಕೆಳಗೆ "ಕುಸುರಿ ವಿವರ" ಎಂಬ ಶೀರ್ಷಿಕೆಯಲ್ಲಿ ಎಲ್ಲರಿಗೂ ಕಾಣುವ ಪಠ್ಯ. ಒಂದು ಮಾದರಿ ಹೀಗಿದೆ:

ಚಿತ್ರದ ಸಾಲು: ಕಪ್ಪು ಹೂದಾನಿ, ದುಂಡು ಹೊಟ್ಟೆ, ಸಣ್ಣ ಕತ್ತು, ಹೊಟ್ಟೆಯ ಸುತ್ತ ಬೆಳ್ಳಿ ತಂತಿಯ ಬಳ್ಳಿ.

ಕುಸುರಿ ವಿವರ: ಎತ್ತರ 22 ಸೆಂಟಿಮೀಟರ್, ಒಂದು ಗೇಣು. ಬಳ್ಳಿ ಬುಡದ ಹತ್ತಿರ ಹೊರಟು ಬಲಕ್ಕೆ ವಾಲುತ್ತಾ ಹೊಟ್ಟೆಯನ್ನು ಒಂದು ಸುತ್ತು ಸುತ್ತಿ ಕತ್ತಿನ ಕೆಳಗೆ ಮುಗಿಯುತ್ತದೆ. ಬಳ್ಳಿಯಿಂದ ಏಳು ಹೂವು, ಪ್ರತಿ ಹೂವಿಗೆ ಐದು ದಳ. ಹೂವಿನ ನಡುವೆ ಬೆಳ್ಳಿಯ ತಗಡು, ಅಂದರೆ ತೆಹನಿಶಾನ್. ಉಳಿದದ್ದೆಲ್ಲ ತಂತಿ, ಅಂದರೆ ತಾರ್ಕಶಿ. ಕತ್ತಿನ ಮೇಲೆ ಕುಸುರಿ ಇಲ್ಲ. ಮೈ ನುಣುಪು, ಬೆಳ್ಳಿ ಬೆರಳಿಗೆ ತಿಳಿಯುವುದಿಲ್ಲ. ತೂಕ 900 ಗ್ರಾಂ.

86 ಚಿತ್ರಗಳಲ್ಲಿ 21 ಬರೀ ಅಲಂಕಾರದ ಗೆರೆ, ಅಂಚು. ಅವುಗಳ ಪರ್ಯಾಯ ಪಠ್ಯವನ್ನು ಖಾಲಿ ಬಿಟ್ಟೆ, ಧ್ವನಿ ದಾಟಿಕೊಂಡು ಹೋಗಲಿ ಎಂದು. 65ಕ್ಕೆ ಬರೆದೆವು. ಒಂದಕ್ಕೆ ಸರಾಸರಿ 16 ನಿಮಿಷ.

ಆಗಸ್ಟ್ 2ರಿಂದ 5: ನನ್ನ ಕೈಯಾರೆ ತಿರಸ್ಕರಿಸಿದ ಎರಡು ಆರ್ಡರ್

ವಿಳಾಸದ ಫಾರ್ಮಿನಲ್ಲಿ ಖಾನೆಯ ಹೆಸರು ಖಾನೆಯ ಒಳಗೇ ತಿಳಿಬಣ್ಣದಲ್ಲಿತ್ತು, ಬರೆಯತೊಡಗಿದರೆ ಮಾಯ. ಪ್ರತಿ ಖಾನೆಗೂ ಹೊರಗೆ ಶಾಶ್ವತವಾದ ಹೆಸರು ಹಾಕಿದೆ. ಪಿನ್ ಕೋಡ್ ತಪ್ಪಿದರೆ ಅಂಚು ಕೆಂಪಾಗುವುದಷ್ಟೇ ಇತ್ತು; "ಪಿನ್ ಕೋಡಿಗೆ ಆರು ಅಂಕಿ ಬೇಕು" ಎಂಬ ವಾಕ್ಯ ಬರೆದು ಖಾನೆಗೆ ಜೋಡಿಸಿದೆ.

ಕೊನೆಯಲ್ಲಿ ಓರೆಕೋರೆ ಅಕ್ಷರಗಳ ಚಿತ್ರ ನೋಡಿ ಟೈಪ್ ಮಾಡುವ ಕ್ಯಾಪ್ಚಾ ಇತ್ತು. ಕಣ್ಣು ಕಾಣದವರಿಗೆ ಅಲ್ಲಿಗೇ ದಾರಿ ಮುಗಿಯುತ್ತಿತ್ತು. ಅದನ್ನು ಕಿತ್ತು, ತಾವಾಗಿ ಫಾರ್ಮ್ ತುಂಬುವ ಯಂತ್ರಗಳನ್ನು ಹಿಡಿಯಲು ಪರದೆಯ ಆಚೆಗೆ ತಳ್ಳಿದ ಒಂದು ಖಾಲಿ ಖಾನೆ ಇಟ್ಟೆ. ಮನುಷ್ಯರಿಗೆ ಅದು ಕಾಣುವುದಿಲ್ಲ, ತುಂಬುವುದಿಲ್ಲ. ತುಂಬಿದವರು ಯಂತ್ರ ಎಂಬುದು ಲೆಕ್ಕ.

ಆದರೆ ಪರದೆಯ ಆಚೆಗೆ ತಳ್ಳಿದ್ದನ್ನೂ ಧ್ವನಿ ಓದುತ್ತದೆ. ಆಗಸ್ಟ್ 3ರಂದು ಭಾಲ್ಕಿಯವರು ಆರ್ಡರ್ ಹಾಕಿದರು. ಆ ಖಾನೆಯಲ್ಲೂ ಶ್ರದ್ಧೆಯಿಂದ ತಮ್ಮ ಫೋನ್ ಸಂಖ್ಯೆ ತುಂಬಿದರು. ತಾಣ ಅವರನ್ನು ಯಂತ್ರವೆಂದು ತೀರ್ಮಾನಿಸಿ, ಯಾವ ಸಂದೇಶವನ್ನೂ ಕೊಡದೆ ಆರ್ಡರನ್ನು ಎಸೆಯಿತು. ಮತ್ತೆ ಹಾಕಿದರು, ಮತ್ತೆ ಎಸೆಯಿತು. ಯಾರಿಗಾಗಿ ಒಂದು ತಿಂಗಳು ದುಡಿದೆನೋ ಅವರನ್ನೇ ಅದು ಹೊರಗೆ ನಿಲ್ಲಿಸಿತ್ತು. ಇಡೀ ಕೆಲಸದಲ್ಲಿ ನನಗೆ ಅತ್ಯಂತ ನೋವಾದದ್ದು ಇಲ್ಲಿ. ಸಂಜೆ ಫೋನ್ ಮಾಡಿ ಕ್ಷಮೆ ಕೇಳಿದೆ. ಖಾನೆಯನ್ನು ಧ್ವನಿಯಿಂದಲೂ ಟ್ಯಾಬ್ ಕೀಲಿಯಿಂದಲೂ ಪೂರ್ತಿ ಮರೆಮಾಡಿದೆ. ಅದಕ್ಕಿಂತ ಮುಖ್ಯವಾಗಿ, ಅನುಮಾನ ಬಂದ ಆರ್ಡರನ್ನು ಎಸೆಯದೆ ಮಾಲೀಕರ ಮುಂದೆ ಇಡುವಂತೆ ಬದಲಿಸಿದೆ.

ಹಣ ಪಾವತಿಯ ಪುಟ ಬೇರೆಯವರದು, ಅದರೊಳಗೆ ನನ್ನ ಕೈ ಓಡುವುದಿಲ್ಲ. ಅಲ್ಲಿ ಕೀಲಿಮಣೆಯಿಂದ ಯುಪಿಐ ಆರಿಸಲು ಆಗುತ್ತಿಲ್ಲವೆಂದು ಬರೆದು ಕಳಿಸಿದ್ದೇನೆ. ಸದ್ಯಕ್ಕೆ "ತಲುಪಿದ ಮೇಲೆ ಹಣ" ಎಂಬ ಆಯ್ಕೆಯನ್ನು ಮೊದಲಿಗೆ ತಂದಿದ್ದೇವೆ.

ಆಗಸ್ಟ್ 6ರಿಂದ 8: ವಿಡಿಯೊ

ಬಿದರಿ ಮಾಡುವ ಬಗೆಯನ್ನು ತೋರಿಸುವ, ತಾಣದಲ್ಲಿರುವ ನಾಲ್ಕು ನಿಮಿಷ ಹತ್ತು ಸೆಕೆಂಡಿನ ವಿಡಿಯೊಗೆ ಕನ್ನಡ ಅಡಿಬರಹ ಹಾಕಲು ಮೂರೂವರೆ ಗಂಟೆ ಹಿಡಿಯಿತು. ಮುದ್ರಣಾಲಯದಲ್ಲಿ ಕೆಲಸ ಮಾಡುವ, ಕಿವಿ ಕೇಳದ ಯುವಕನೊಬ್ಬ ನೋಡಿ, ಸಾಲುಗಳು ಬೇಗ ಓಡುತ್ತಿವೆ ಎಂದು ಬರೆದು ತೋರಿಸಿದ. ಒಂದು ಸಲಕ್ಕೆ ಎರಡು ಸಾಲು ಮೀರದಂತೆ ಕತ್ತರಿಸಿದೆ.

ವಿಡಿಯೊದ ಮುಖ್ಯ ಘಟ್ಟದಲ್ಲಿ ಮಾತೇ ಇರಲಿಲ್ಲ ಎಂಬುದು ಆಗ ಕಂಡಿತು. ಬೀದರ್ ಕೋಟೆಯ ಮಣ್ಣನ್ನು ನವಸಾಗರದ ಜೊತೆ ನೀರಿನಲ್ಲಿ ಕಲಸಿ ಬಿಸಿ ವಸ್ತುವಿಗೆ ಉಜ್ಜಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಆ ಇಪ್ಪತ್ತು ಸೆಕೆಂಡಿಗೆ ನಾನು ಸಿತಾರ್ ಸಂಗೀತ ಹಾಕಿದ್ದೆ. ಕಾಣದವರಿಗೆ ಅಲ್ಲಿ ಸಂಗೀತ ಮಾತ್ರ ಇತ್ತು. ಸಂಗೀತ ತೆಗೆದು, ಏನಾಗುತ್ತಿದೆ ಎಂದು ಕುಶಲಕರ್ಮಿಯೇ ಹೇಳುವ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಸೇರಿಸಿದೆ. ಹಿಂದೆ ಮಣ್ಣು ಉಜ್ಜುವ ಸದ್ದೂ ಕೇಳುತ್ತದೆ.

ಖರ್ಚು

ಮೇಲುಹೊದಿಕೆಗೆ 4,100, ಹೆಡ್‌ಫೋನ್ 650, ಪರೀಕ್ಷೆಗೆ ಮೂರು ದಿನ 4,500, ಕುಶಲಕರ್ಮಿಗೆ ಒಂಬತ್ತು ದಿನ 3,600. ಒಟ್ಟು 12,850. ಮೊದಲ ಬಾಬತ್ತು ಬಿಟ್ಟರೆ 8,750ರಲ್ಲಿ ಮುಗಿಯುತ್ತಿತ್ತು. ನನ್ನ ಕೆಲಸ 96 ಗಂಟೆ. ಮೊದಲ ಸಲವೇ ಸರಿಯಾಗಿ ಕಟ್ಟಬೇಕಿದ್ದ ಕೆಲಸವಾದ್ದರಿಂದ ಅದಕ್ಕೆ ಹಣ ತೆಗೆದುಕೊಳ್ಳಲಿಲ್ಲ.

ಆಗಸ್ಟ್ 9 ಮತ್ತು 16

9ರಂದು ಭಾಲ್ಕಿಯವರು ಮೂರನೆಯ ಸಲ ಆರ್ಡರ್ ಹಾಕಿದರು. ಯಾರ ನೆರವೂ ಇಲ್ಲದೆ, ಹನ್ನೊಂದು ನಿಮಿಷ. ಆರಿಸಿದ್ದು ಮೇಲೆ ಮಾದರಿ ಕೊಟ್ಟ ಅದೇ ಹೂದಾನಿ.

16ರಂದು ಅವರ ಫೋನ್. ಹೂದಾನಿ ತಲುಪಿದೆ, ಪ್ಯಾಕಿಂಗ್ ಚೆನ್ನಾಗಿದೆ. ಆದರೆ ಮಗಳು ಹೂವಿನ ದಳ ಎಣಿಸಿದಳಂತೆ: ಆರು ಬರುತ್ತವೆ. ತಾಣದಲ್ಲಿ ಐದು ಎಂದಿದೆ. ಸಹೋದ್ಯೋಗಿಗೆ ಕೊಡುವಾಗ ಐದು ದಳ ಎಂದು ತಾವು ಹೇಳಲಿದ್ದರು.

ಅಂಗಡಿಗೆ ಓಡಿದೆ. ಚಿತ್ರದಲ್ಲಿರುವ ಹೂದಾನಿಗೆ ಐದೇ ದಳ. ಅದು ಮೂರು ವರ್ಷದ ಹಿಂದೆಯೇ ಮಾರಿಹೋಗಿದೆ. ಕೈಯಿಂದ ಗೀರುವ ಕೆಲಸದಲ್ಲಿ ಒಂದು ಇನ್ನೊಂದರಂತೆ ಇರುವುದಿಲ್ಲ, ಹಳೆಯ ಚಿತ್ರ ಇಟ್ಟು ಹೊಸ ವಸ್ತು ಕಳಿಸುವುದು ಇಲ್ಲಿನ ರೂಢಿ. ಕಣ್ಣಿರುವವರು ಪೆಟ್ಟಿಗೆ ತೆರೆದ ಕೂಡಲೇ ವ್ಯತ್ಯಾಸ ಕಾಣುತ್ತಾರೆ. ಭಾಲ್ಕಿಯವರಿಗೆ ನಾವು ಬರೆದ ಸಾಲೇ ವಸ್ತು.

ಇನ್ನು ಮುಂದೆ ಪ್ರತಿ ವಸ್ತು ಹೊರಡುವ ಮೊದಲು ಕುಶಲಕರ್ಮಿ ಅದನ್ನು ಕೈಯಲ್ಲಿ ಹಿಡಿದು ಒಂದು ನಿಮಿಷದ ಧ್ವನಿ ಸಂದೇಶ ಹೇಳುತ್ತಾರೆ, ಗಿರಾಕಿಯ ಫೋನಿಗೆ ಕಳಿಸುತ್ತೇವೆ. ಕೇಳಿದವರಿಗೆ ಮಾತ್ರವಲ್ಲ, ಎಲ್ಲರಿಗೂ. ದಾಸ್ತಾನಿನಲ್ಲಿರುವ 34 ವಸ್ತುಗಳಿಗೆ ತಾಣದ ಚಿತ್ರ, ವಿವರ ಹೊಂದುತ್ತವೆಯೇ ಎಂದು ನೋಡುತ್ತಿದ್ದೇವೆ. 17 ಮುಗಿದಿವೆ, ಅದರಲ್ಲಿ ಐದು ತಪ್ಪಿದ್ದವು. ಉಳಿದ 17ಕ್ಕೆ ನಾಳೆ ಊಟದ ನಂತರ ಕೂರಬೇಕು.